ಖಾಲಿ ಅಂದವಳು

ಟೈಲರಮ್ಮನ ಮನೆಗೆ ಸವತಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಈ ಮಾತು ಕೇಳಿದ ಹೊಸ ಗಿರಾಕಿಗಳು ಅಳತೆ ಕೊಡುವುದನ್ನೂ ಮರೆತು ಅವಳ ಮುಖ ನೋಡುತ್ತಿದ್ದರು. ಹಳಬರು ನಗುತ್ತಿದ್ದರು. ಸವತಿಯೆಂದರೆ ಗಂಡನ ರಿವಾಲ್ವರ್. ಹಗಲೆಲ್ಲ ಅವನ ಸೊಂಟಕ್ಕೆ ಅಂಟಿಕೊಂಡಿರುತ್ತಿತ್ತು, ಭಾನುವಾರ ಬಂತೆಂದರೆ ಎಣ್ಣೆ ಹಚ್ಚಿಸಿಕೊಂಡು ಒರೆಸಿಸಿಕೊಳ್ಳುತ್ತಿತ್ತು, ಮಲಗುವುದಕ್ಕೆ ಅದಕ್ಕೇ ಅಂತ ಒಂದು ಉಕ್ಕಿನ ಪೆಟ್ಟಿಗೆ ಬೇರೆ. ನನ್ನನ್ನು ಕಟ್ಟಿಕೊಂಡು ಇಷ್ಟು ವರ್ಷವಾಯಿತು, ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚಿದವರಲ್ಲ ಎಂದು ಅವಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ದೂರುತ್ತಿದ್ದಳು. ದೂರು ಹಳೆಯದು. ಅದರಲ್ಲಿ ಖಾರವೇನೂ ಉಳಿದಿರಲಿಲ್ಲ.

ಗಂಡ ಒಡವೆ ಅಂಗಡಿಯ ಬಾಗಿಲಲ್ಲಿ ನಿಲ್ಲುವ ಕಾವಲುಗಾರ. ಬೀದಿಯವರಿಗೆಲ್ಲ ಅವನು ಗನ್‌ಮ್ಯಾನ್. ಲೈಸೆನ್ಸ್ ಇರುವ ಸ್ವಂತ ಆಯುಧ ಇದ್ದವನಿಗೇ ಕೆಲಸ ಎನ್ನುವುದು ಅಂಗಡಿಯವರ ಕರಾರು. ಹಾಗಾಗಿ ಅದು ಅವನ ಜೊತೆಗೇ ಹೋಗಬೇಕು, ಅವನ ಜೊತೆಗೇ ಬರಬೇಕು. ವರ್ಷಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಹೋಗಿದ್ದು ಬಿಟ್ಟರೆ ಅದರಿಂದ ಒಂದು ಗುಂಡೂ ಹಾರಿರಲಿಲ್ಲ. ಅವನು ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಿದ್ದ ಕೆಲಸವೆಂದರೆ ಗಾಜಿನ ಬಾಗಿಲು ತೆಗೆಯುವುದು, ಹಾಕುವುದು, ವಯಸ್ಸಾದವರಿಗೆ ಮೆಟ್ಟಿಲು ಇಳಿಯಲು ಕೈ ಕೊಡುವುದು, ಒಳಗೆ ಹೆಂಡತಿ ಬಳೆ ಆರಿಸುತ್ತಿದ್ದರೆ ಹೊರಗೆ ಬೆವರುತ್ತ ನಿಂತ ಗಂಡಂದಿರಿಗೆ ಸಮಾಧಾನ ಹೇಳುವುದು. ಮೀಸೆ ಮಾತ್ರ ದೊಡ್ಡದು.

ಮನೆಗೆ ಬಂದರೆ ಅವನು ಬೇರೆಯೇ ಮನುಷ್ಯ. ಆರೂವರೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಸಾಕು, ಟೈಲರಮ್ಮ ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಬೇಕು. ಗಿರಾಕಿ ಕೂತಿದ್ದರೆ ನಾಳೆ ಬನ್ನಿ ಎಂದು ಕಳಿಸಬೇಕು. ಮುಂಬಾಗಿಲಿಗೆ ಚಿಲಕ, ಒಳಕೋಣೆಯ ಕಿಟಕಿಗೆ ಪರದೆ. ಆ ಕೋಣೆಯ ಮೂಲೆಯಲ್ಲಿ ಮರಳು ತುಂಬಿದ ಒಂದು ಬಕೆಟ್ಟು ಇತ್ತು. ಅವನು ಅದರ ಕಡೆಗೆ ತಿರುಗಿ, ರಿವಾಲ್ವರಿನ ಬಾಯಿ ಬಕೆಟ್ಟಿನತ್ತಲೇ ಇರುವಂತೆ, ಬೆರಳು ಟ್ರಿಗರಿನ ಹತ್ತಿರಕ್ಕೂ ಸುಳಿಯದಂತೆ ಹಿಡಿದು, ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಸರಿಸಿ ಗುಂಡುಗಳನ್ನು ಅಂಗೈಗೆ ಇಳಿಸಿಕೊಳ್ಳುತ್ತಿದ್ದ. ಅವು ಆರು. ಅವಕ್ಕೆಂದೇ ಟೈಲರಮ್ಮ ದಪ್ಪ ಬಟ್ಟೆಯಲ್ಲಿ ಆರು ಜೇಬಿನ ಒಂದು ಪಟ್ಟಿ ಹೊಲಿದುಕೊಟ್ಟಿದ್ದಳು. ಒಂದು ಜೇಬು ಖಾಲಿಯಾಗಿ ಚಪ್ಪಟೆ ಬಿದ್ದರೂ ಗೊತ್ತಾಗುವಂಥ ಹೊಲಿಗೆ. ಆರೂ ಜೇಬು ತುಂಬಿದ ಮೇಲೆ ಅವನು ತೆರೆದ ಉರುಳೆಯನ್ನು ಅವಳ ಮುಂದೆ ಹಿಡಿಯುತ್ತಿದ್ದ. ಅವಳು ನೋಡಿ ಖಾಲಿ ಅನ್ನಬೇಕು. ಆಮೇಲೆ ಅವನು ಖಾಲಿ ಅನ್ನಬೇಕು. ಎರಡು ಸಲ ಆ ಮಾತು ಬೀಳದೆ ರಿವಾಲ್ವರ್ ಪೆಟ್ಟಿಗೆ ಸೇರುವಂತಿಲ್ಲ. ಪೆಟ್ಟಿಗೆಯನ್ನು ಕಪಾಟಿನೊಳಗಿನ ಗೋಡೆಗೇ ಬೋಲ್ಟ್ ಹಾಕಿ ಬಿಗಿದಿದ್ದ. ಗುಂಡಿನ ಪಟ್ಟಿ ಮೇಲಿನ ಹಲಗೆಯಲ್ಲಿದ್ದ ಇನ್ನೊಂದು ಡಬ್ಬಿಗೆ ಹೋಗುತ್ತಿತ್ತು, ಅದಕ್ಕೆ ಬೇರೆ ಬೀಗ.

ಈ ಶಾಸ್ತ್ರವನ್ನು ಅವನಿಗೆ ಕಲಿಸಿದವರು ಕೆಲಸಕ್ಕೆ ಸೇರುವ ಮುಂಚೆ ತರಬೇತಿ ಕೊಟ್ಟ ಒಬ್ಬ ಹಳೆಯ ಮೇಷ್ಟ್ರು. ಒಬ್ಬನ ಕಣ್ಣು ದಣಿದಿರುತ್ತದೆ, ನೋಡಬೇಕೆಂದುಕೊಂಡಿದ್ದನ್ನೇ ನೋಡುತ್ತದೆ, ಆದ್ದರಿಂದ ಯಾವಾಗಲೂ ಇನ್ನೊಬ್ಬರಿಗೆ ತೋರಿಸಿ ಎಂದು ಅವರು ಹೇಳಿದ್ದರಂತೆ. ಅವನು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ಬೇರೆ ಯಾವ ವಿಷಯದಲ್ಲೂ ಇಷ್ಟು ಶಿಸ್ತಿನ ಮನುಷ್ಯನಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವುದನ್ನು ಬಿಡಿಸಲು ಟೈಲರಮ್ಮನ ಕೈಯಲ್ಲಿ ಇವತ್ತಿಗೂ ಆಗಿಲ್ಲ.

ಆದರೆ ಅವಳ ಹೊಟ್ಟೆಯೊಳಗೆ ಒಂದು ಗುಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವಳು ಆ ಉರುಳೆಯ ಒಳಗೆ ನೋಡಿರಲಿಲ್ಲ.

ಮೊದಲ ಸಂಜೆ ಅದನ್ನು ಮುಂದೆ ಹಿಡಿದಾಗ ಅವಳು ಹೆದರಿದ್ದಳು. ಕಣ್ಣು ಮುಚ್ಚಿಕೊಂಡಿದ್ದಳು. ತೆರೆದಾಗ ಎದುರಿಗೆ ಗಂಡನ ಮುಖವಿತ್ತು. ಲೆಕ್ಕ ಬಿಡಿಸಿ ಟೀಚರಿಗೆ ಸ್ಲೇಟು ತೋರಿಸುವ ಹುಡುಗನ ಹಾಗೆ ಹುಬ್ಬು ಮೇಲೆತ್ತಿಕೊಂಡು ನಿಂತಿದ್ದ. ಅದನ್ನು ನೋಡಿ ಅವಳಿಗೆ ಅಯ್ಯೋ ಪಾಪ ಅನ್ನಿಸಿ, ಖಾಲಿ ಅಂದುಬಿಟ್ಟಳು. ಮರುದಿನವೂ ಅಷ್ಟೇ. ಹೆದರಿಕೆ ವರ್ಷಗಳಲ್ಲಿ ಕರಗಿತು, ಅಭ್ಯಾಸ ಕರಗಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆ ಅವಳಿಗೆ ಇಷ್ಟವೇ ಆಗಿತ್ತು. ಇಡೀ ದಿನದಲ್ಲಿ ಗಂಡ ಅವಳೆದುರು ಅಲ್ಲಾಡದೆ ನಿಲ್ಲುತ್ತಿದ್ದದ್ದು ಆಗ ಮಾತ್ರ. ಇವತ್ತು ಅಂಗಡಿ ಯಜಮಾನ ರೇಗಿದ್ದಾನೆ, ಇವತ್ತು ಬೂಟು ಕಚ್ಚಿದೆ, ಇವತ್ತು ಯಾರೋ ಮೀಸೆ ಹೊಗಳಿದ್ದಾರೆ, ಎಲ್ಲವನ್ನೂ ಅವಳು ಆ ಮುಖದಲ್ಲಿ ಓದಿಕೊಂಡು ಖಾಲಿ ಅನ್ನುತ್ತಿದ್ದಳು. ಅವರು ನೋಡಿಯೇ ಇರುತ್ತಾರೆ, ನನ್ನದು ಬರೀ ಬಾಯಿಮಾತು ಎಂದುಕೊಂಡಿದ್ದಳು. ತಪ್ಪು ಮಾಡುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಹಾಗೆ ಅನ್ನಿಸುವ ಕಾಲ ಮೊಮ್ಮಗನ ರೂಪದಲ್ಲಿ ಬಂತು.

ಅವರಿಗೆ ಒಬ್ಬಳೇ ಮಗಳು. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸ್. ಗಂಡನ ಜೊತೆ ಎರಡು ಬಸ್ ನಿಲ್ದಾಣದಾಚೆ ಇದ್ದಳು. ಅಳಿಯ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಮಗುವಿಗೆ ಒಂಬತ್ತು ತಿಂಗಳಾಗುವ ಹೊತ್ತಿಗೆ ಅವಳ ರಜೆ ಮುಗಿಯುತ್ತಿತ್ತು, ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಡ್ಯೂಟಿ ಎಂದು ಕಾಗದ ಬಂದಿತ್ತು. ಟೈಲರಮ್ಮ ಅದನ್ನು ಕೇಳಿದ ದಿನವೇ ತಯಾರಿ ಶುರುಮಾಡಿದಳು. ಯಂತ್ರವನ್ನು ಕಿಟಕಿಯ ಬಳಿಯಿಂದ ಎಳೆದು ಗೋಡೆಗೆ ಸರಿಸಿದಳು. ಸೂಜಿ, ಗುಂಡಿ, ಕತ್ತರಿ ಎಲ್ಲ ಮೇಲಿನ ಹಲಗೆ ಹತ್ತಿದವು. ಹೊಲಿಗೆಯಲ್ಲಿ ಉಳಿದ ಮೆತ್ತನೆ ಬಟ್ಟೆ ಚೂರುಗಳನ್ನೆಲ್ಲ ಜೋಡಿಸಿ ನೆಲಕ್ಕೆ ಹಾಸುವ ಒಂದು ದಪ್ಪ ಹಾಸು ಹೊಲಿದಳು. ಮೂರು ಮದುವೆಗಳ ರವಿಕೆ ಕೆಲಸ ಬಂದಾಗ ಈಗ ಪುರುಸೊತ್ತಿಲ್ಲ ಎಂದು ಕಳಿಸಿದಳು. ಅವಳ ಬಾಯಲ್ಲಿ ಯಾರೂ ಕೇಳದ ಮಾತು ಅದು. ಮಗುವಿಗೆ ಅವಳಿಟ್ಟ ಹೆಸರು ಮರಿ. ಮರಿ ನಕ್ಕಿತು, ಮರಿ ಕೂತಿತು, ಮರಿಗೆ ಹಲ್ಲು ಬಂತು ಎಂದು ಗಿರಾಕಿಗಳ ತೋಳಿನ ಅಳತೆ ತೆಗೆಯುತ್ತಲೇ ವರದಿ ಒಪ್ಪಿಸುತ್ತಿದ್ದಳು.

ಮಗಳು ಬಂದು ಕೂತು, ನೀರು ಕುಡಿದು, ಲೋಟ ಕೆಳಗಿಟ್ಟು, ಮಗುವನ್ನು ಇಲ್ಲಿ ಬಿಡುವುದಿಲ್ಲ ಎಂದಳು.

ಟೈಲರಮ್ಮನಿಗೆ ಕೇಳಿಸಿದ್ದು ಅರ್ಥವಾಗಲಿಲ್ಲ. ಮಗಳು ಕಪಾಟಿನ ಕಡೆ ತೋರಿಸಿದಳು. ಅದು ಇರುವ ಮನೆಯಲ್ಲಿ ಮಗುವನ್ನು ಬಿಟ್ಟು ಡ್ಯೂಟಿ ಮಾಡಲು ತನ್ನಿಂದಾಗದು, ದಿನಾ ಸಂಜೆ ಅದು ಮನೆಗೆ ಬಂತೆಂದರೆ ಡ್ಯೂಟಿ ಮುಗಿಯುವವರೆಗೆ ಉಸಿರು ಬಿಗಿಹಿಡಿದುಕೊಂಡು ನಿಲ್ಲಲಾರೆ, ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದಳು. ಗನ್‌ಮ್ಯಾನ್‌ಗೆ ರೋಷ ಬಂತು. ನೀನು ಇದೇ ಮನೆಯಲ್ಲಿ ಬೆಳೆಯಲಿಲ್ಲವೇ, ನಿನಗೆ ಏನಾಯಿತು, ನನ್ನ ಬಂದೋಬಸ್ತು ಅಂದರೆ ಏನಂದುಕೊಂಡಿದ್ದೀಯ ಎಂದು ಮೀಸೆ ಕುಣಿಸಿದ.

"ಅಪ್ಪ, ಕೀಲಿ ಬಾಗಿಲ ಚೌಕಟ್ಟಿನ ಮೇಲೆ ಇರ್ತಿತ್ತು. ನಂಗೆ ಏಳು ವರ್ಷ ಇದ್ದಾಗಲೇ ಗೊತ್ತಿತ್ತು" ಎಂದಳು ಮಗಳು. "ಮುಟ್ಟಲಿಲ್ಲ. ಆದ್ರೆ ಸ್ಟೂಲ್ ಹಾಕ್ಕೊಂಡು ಒಂದ್ಸಲ ನೋಡಿದ್ದೆ, ಇದೆಯಾ ಅಂತ."

ಗನ್‌ಮ್ಯಾನ್ ಕತ್ತೆತ್ತಿ ಬಾಗಿಲಿನ ಕಡೆ ನೋಡಿದ. ಕೀಲಿ ಈಗಲೂ ಅಲ್ಲೇ ಇತ್ತು. ಮಗಳು ಹೋದ ಮೇಲೆ ಅವನು ಬಹಳ ಹೊತ್ತು ಆ ಚೌಕಟ್ಟನ್ನು ನೋಡುತ್ತ ಕೂತ. ಮರುದಿನ ಅಂಗಡಿಯಿಂದ ಬರುವಾಗ ಒಂದು ಉಕ್ಕಿನ ಸರಪಳಿ ತಂದು ಎರಡೂ ಕೀಲಿಗಳನ್ನು ಅದಕ್ಕೆ ಪೋಣಿಸಿ ಬೆಲ್ಟಿಗೆ ಸಿಕ್ಕಿಸಿಕೊಂಡ. ಮಲಗುವಾಗಲೂ ಅದು ಮೈಮೇಲೆಯೇ. ಮಗ್ಗುಲು ಬದಲಿಸಿದರೆ ಝಣ್ ಎನ್ನುತ್ತಿತ್ತು. ಈಗ ಸವತಿಗೆ ಗೆಜ್ಜೆ ಬೇರೆ ಎಂದು ಹೆಂಡತಿ ಗೊಣಗಿದಳು. ಆದರೆ ಅವಳೇ ಮಗಳಿಗೆ ಫೋನ್ ಮಾಡಿ, ಸರಪಳಿಯ ವಿಷಯ ಹೇಳಿ, ಒಂದು ಸಲ ಬಂದು ಎಲ್ಲವನ್ನೂ ಕಣ್ಣಾರೆ ನೋಡು, ಆಮೇಲೂ ಬೇಡ ಅನ್ನಿಸಿದರೆ ನಾನು ಮತ್ತೆ ಕೇಳುವುದಿಲ್ಲ ಎಂದು ಬೇಡಿಕೊಂಡಳು. ಬೇಡಿಕೊಳ್ಳುವುದು ಅವಳ ಜಾಯಮಾನವಲ್ಲ. ಅಷ್ಟು ಆಸೆಯಿತ್ತು.

ಬುಧವಾರ ಅಳಿಯನಿಗೆ ರಜೆ ಹಾಕಿಸಿ, ಮಗುವನ್ನು ಅವನ ಹತ್ತಿರ ಬಿಟ್ಟು ಮಗಳು ಬಂದಳು. ಆಸ್ಪತ್ರೆಯ ತನಿಖೆಗೆ ಬಂದವಳ ಹಾಗೆ ನೇರ ಒಳಕೋಣೆಗೆ ಹೋಗಿ ಪೆಟ್ಟಿಗೆಯನ್ನು ಹಿಡಿದು ಅಲುಗಾಡಿಸಿದಳು. ಗೋಡೆಯೇ ಕಿತ್ತು ಬಂದರೆ ಮಾತ್ರ ಅದು ಬರುವಂತಿತ್ತು. ಡಬ್ಬಿಯ ಬೀಗವನ್ನು ಎಳೆದು ನೋಡಿದಳು. ಅಪ್ಪ ಸ್ನಾನಕ್ಕೆ ಹೋದಾಗ ಸರಪಳಿ ಎಲ್ಲಿರುತ್ತದೆ, ಜ್ವರ ಬಂದು ಮಲಗಿದರೆ ಯಾರ ಕೈಲಿರುತ್ತದೆ ಎಂದು ಕೇಳಿದಳು. ಟೈಲರಮ್ಮ ಪರೀಕ್ಷೆಗೆ ಕೂತವಳಂತೆ ಎಲ್ಲಕ್ಕೂ ಉತ್ತರ ಕೊಟ್ಟಳು. ಆರೂವರೆಗೆ ಬೂಟಿನ ಸದ್ದಾಯಿತು.

ಅವತ್ತು ಗನ್‌ಮ್ಯಾನ್ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡೇ ಬಂದಿದ್ದ. ಚಿಲಕ, ಪರದೆ, ಬಕೆಟ್ಟು. ಒಂದೊಂದೂ ನಿಧಾನ, ಒಂದೊಂದೂ ಚೊಕ್ಕ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಆರೂ ಜೇಬು ತುಂಬಿದವು. ಅವನು ಉರುಳೆಯನ್ನು ಹೆಂಡತಿಯ ಮುಂದೆ ಹಿಡಿದ. ಅವಳು ಅವನ ಮುಖ ನೋಡಿದಳು. ಮಗಳ ಮುಂದೆ ಎಲ್ಲ ಸರಿಯಾಗಲಿ ಎಂಬ ಆತಂಕ ಅಲ್ಲಿ ಎದ್ದು ಕಾಣುತ್ತಿತ್ತು. ಅವಳು ಖಾಲಿ ಎಂದಳು. ಅವನು ಖಾಲಿ ಎಂದ. ಪೆಟ್ಟಿಗೆಯ ಬೀಗ ಬಿತ್ತು, ಡಬ್ಬಿಯ ಬೀಗ ಬಿತ್ತು, ಸರಪಳಿ ಬೆಲ್ಟಿಗೆ ಹೋಯಿತು.

ಮಗಳ ಮುಖ ಸಡಿಲವಾಯಿತು. ಅವಳು ಹೊರಕೋಣೆಗೆ ಬಂದು ಆ ದಪ್ಪ ಹಾಸಿನ ಮೇಲೆ ಕೂತು, ತಮ್ಮ ಆಪರೇಷನ್ ಕೋಣೆಯಲ್ಲೂ ಹೀಗೇ ಎಂದು ಹೇಳತೊಡಗಿದಳು. ಹೊಟ್ಟೆ ಹೊಲಿಯುವ ಮುಂಚೆ ಒಳಗೆ ಬಳಸಿದ ಬಟ್ಟೆಯ ತುಂಡು, ಸೂಜಿ ಎಲ್ಲವನ್ನೂ ಇಬ್ಬರು ನರ್ಸುಗಳು ಸೇರಿ ಜೋರಾಗಿ ಎಣಿಸಬೇಕು. ಒಬ್ಬಳು ಎಣಿಸಿ ಇನ್ನೊಬ್ಬಳು ಹೂಂ ಅಂದರೆ ನಡೆಯುವುದಿಲ್ಲ. ಇಬ್ಬರೂ ನೋಡಬೇಕು. ಇದನ್ನು ಹೊಸಬರಿಗೆ ಕಲಿಸುವಷ್ಟರಲ್ಲಿ ತನಗೆ ಸಾಕುಸಾಕಾಗುತ್ತದೆ, ನೀವಿಬ್ಬರು ಮನೆಯಲ್ಲಿ ಯಾರೂ ಹೇಳದೆ ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೀರಿ, ಆ ಹೊತ್ತಿಗೆ ನನ್ನನ್ನು ಹೊರಗೇ ಕೂರಿಸುತ್ತಿದ್ದಿರಿ, ನನಗೇ ಗೊತ್ತಿರಲಿಲ್ಲ ಎಂದಳು.

"ಸೋಮವಾರದಿಂದ ಮಗುನ ಕರ್ಕೊಂಡು ಬರ್ತೀನಮ್ಮ" ಎಂದಳು.

ಗನ್‌ಮ್ಯಾನ್ ಮೀಸೆಯೊಳಗೇ ನಕ್ಕ. ಟೈಲರಮ್ಮ ನಗಬೇಕಿತ್ತು, ಕುಣಿಯಬೇಕಿತ್ತು. ಅವಳ ಕಾಲು ಯಂತ್ರದ ಪೆಡಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು. ಇಬ್ಬರೂ ನೋಡಬೇಕು ಎಂಬ ಮಾತು ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಸುಮ್ಮನಿದ್ದರೆ ಸೋಮವಾರ ಮರಿ ಬರುತ್ತದೆ. ನಾಳೆಯಿಂದ ನೋಡಿದರಾಯಿತು, ಯಾರಿಗೆ ಗೊತ್ತಾಗುತ್ತದೆ, ಗಂಡನ ಮಾನವೂ ಉಳಿಯುತ್ತದೆ. ಇದೆಲ್ಲ ಅವಳಿಗೆ ಹೊಳೆಯದೆ ಇರಲಿಲ್ಲ. ಚೆನ್ನಾಗಿಯೇ ಹೊಳೆಯಿತು. ಮಗಳು ಎದ್ದು ಚಪ್ಪಲಿ ಹುಡುಕುವವರೆಗೂ ಅವಳು ಅದರ ಜೊತೆ ಗುದ್ದಾಡಿದಳು.

"ನಾನು ನೋಡಲ್ಲ" ಎಂದಳು ಕೊನೆಗೆ.

ಮಗಳು ತಿರುಗಿದಳು. ಟೈಲರಮ್ಮ ಮಡಿಲಲ್ಲಿದ್ದ ಬಟ್ಟೆಯನ್ನು ಮಡಿಸುತ್ತ, ಮತ್ತೆ ಬಿಡಿಸುತ್ತ, ಮತ್ತೆ ಮಡಿಸುತ್ತ ಹೇಳಿದಳು.

"ಖಾಲಿ ಅಂತೀನಿ, ಆದ್ರೆ ಅದರೊಳಗೆ ನೋಡಲ್ಲ. ಯಾವತ್ತೂ ನೋಡಿಲ್ಲ. ಇವರ ಮುಖ ನೋಡಿ ಹೇಳಿಬಿಡ್ತೀನಿ."

ಅವಳಿಗೆ ಗಂಡನ ಕಡೆ ತಿರುಗುವ ಧೈರ್ಯ ಬರಲಿಲ್ಲ. ಇಪ್ಪತ್ತೆರಡು ವರ್ಷದ ಅವನ ಹೆಮ್ಮೆಯನ್ನು ಮಗಳ ಮುಂದೆಯೇ ಹರಿದು ಹಾಕಿದೆ, ಇನ್ನು ಈ ಮನುಷ್ಯ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡುವುದಿಲ್ಲ ಎಂದುಕೊಂಡಳು. ಗನ್‌ಮ್ಯಾನ್ ಕುರ್ಚಿಯ ತುದಿಗೆ ಬಂದು ಕೂತಿದ್ದ. ಅವನ ಕಿವಿ ಕೆಂಪಾಗಿತ್ತು.

"ನೀನು ನೋಡ್ತೀಯ ಅಂತ ಅಂದ್ಕೊಂಡಿದ್ದೆ ನಾನು" ಎಂದ.

"ನೀವು ನೋಡಿರ್ತೀರಲ್ಲ."

ಅವನು ನೆಲ ನೋಡುತ್ತ, "ಎರಡು ವರ್ಷದಿಂದ ಹತ್ತಿರದ್ದು ನಂಗೆ ಕಾಣಲ್ಲ ಕಣೇ" ಎಂದ. "ದೂರದ್ದು ಚೆನ್ನಾಗೇ ಕಾಣುತ್ತೆ. ಕೈಯಲ್ಲಿ ಹಿಡಿದಿದ್ದು ಮಬ್ಬು. ಆ ತೂತೆಲ್ಲ ಒಂದೇ ಕಪ್ಪು. ನೀನು ಖಾಲಿ ಅಂದ ಮೇಲೆ ನಾನೂ ಅಂತೀನಿ."

ಟೈಲರಮ್ಮ ಈಗ ತಿರುಗಿ ನೋಡಿದಳು. ಪೇಪರನ್ನು ಮಾರು ದೂರ ಹಿಡಿದು ಓದುವುದು, ದೀಪ ಸರಿಯಿಲ್ಲ ಎಂದು ಬೈಯುವುದು, ಔಷಧಿಯ ಚೀಟಿಯನ್ನು ನೀನೇ ಓದು ಎಂದು ಅವಳ ಕೈಗೆ ತುರುಕುವುದು, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ಗುಂಡುಗಳೇನೋ ಅಂಗೈಯಲ್ಲಿ ಆರು ಆಗಿಯೇ ಇರುತ್ತಿದ್ದವು, ಜೇಬುಗಳೂ ತುಂಬುತ್ತಿದ್ದವು, ಆದ್ದರಿಂದ ಏನೂ ಆಗಿರಲಿಲ್ಲ. ಆದರೆ ಎರಡು ವರ್ಷ ಆ ಮನೆಯಲ್ಲಿ, ದಿನಾ ಸಂಜೆ ಆರೂವರೆಗೆ, ಚಿಲಕ ಹಾಕಿ ಪರದೆ ಎಳೆದು, ಇಬ್ಬರು ಎದುರುಬದುರು ನಿಂತು, ಇಬ್ಬರೂ ನೋಡದೆ, ಖಾಲಿ ಖಾಲಿ ಎಂದು ಹೇಳಿಕೊಂಡಿದ್ದರು.

ಕನ್ನಡಕ ಯಾಕೆ ಮಾಡಿಸಲಿಲ್ಲ ಎಂದು ಮಗಳು ಕೇಳಿದಳು. ಅವಳ ದನಿ ಆಸ್ಪತ್ರೆಯ ದನಿಯಾಗಿತ್ತು. ಅವನು ಮೀಸೆ ಸವರಿಕೊಂಡ. ಕನ್ನಡಕ ಹಾಕಿಕೊಂಡ ಗನ್‌ಮ್ಯಾನ್‌ಗೆ ಯಾರು ಹೆದರುತ್ತಾರೆ, ಮುದುಕನಾದ ಎಂದು ಅಂಗಡಿಯವರು ಬೇರೆಯವನನ್ನು ನೋಡಿಕೊಂಡರೆ ಏನು ಮಾಡುವುದು ಎಂದ. ಅಷ್ಟು ದೊಡ್ಡ ಮೀಸೆಯ ಹಿಂದೆ ಅಷ್ಟು ಸಣ್ಣ ದನಿ ಇತ್ತೆಂದು ತಾಯಿಗೂ ಮಗಳಿಗೂ ಗೊತ್ತಿರಲಿಲ್ಲ.

ಮಗಳು ಮೊದಲು ಸಿಟ್ಟಾದಳು. ಆಮೇಲೆ ಏನನ್ನಿಸಿತೋ, ಹಾಸಿನ ಮೇಲೆ ಮತ್ತೆ ಕುಸಿದು ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಎಷ್ಟು ನಗು, ಎಷ್ಟು ಗಾಬರಿ ಎಂದು ಅವಳಿಗೂ ತಿಳಿದಂತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅದನ್ನು ಮತ್ತೆ ಹೊರಗೆ ತೆಗೆಯಿರಿ ಎಂದಳು.

ಮತ್ತೆ ಚಿಲಕ, ಮತ್ತೆ ಪರದೆ. ಗನ್‌ಮ್ಯಾನ್ ಉರುಳೆ ತೆರೆದು ಹಿಡಿದ. ಟೈಲರಮ್ಮ ತನ್ನ ಹೊಲಿಗೆಯ ಕನ್ನಡಕವನ್ನು ಮೂಗಿಗೇರಿಸಿ ಬಗ್ಗಿದಳು. ಆರು ತೂತುಗಳಿದ್ದವು. ಆರರಲ್ಲೂ ಆಚೆಯ ಬೆಳಕು ಕಾಣುತ್ತಿತ್ತು. ಒಳಗೆಲ್ಲ ಎಷ್ಟು ಸ್ವಚ್ಛವೆಂದರೆ ಒಂದು ಕೂದಲಿನಷ್ಟು ಧೂಳಿಲ್ಲ. ಇಷ್ಟು ವರ್ಷ ಭಾನುವಾರಗಳನ್ನು ಈ ಮನುಷ್ಯ ಸುಮ್ಮನೆ ಕಳೆದಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಒಂದೊಂದನ್ನೂ ಎಣಿಸಿ ಖಾಲಿ ಎಂದಳು. ಅವನು ಆ ಕನ್ನಡಕವನ್ನೇ ಅವಳ ಮೂಗಿನಿಂದ ತೆಗೆದುಕೊಂಡು ತಾನು ಹಾಕಿಕೊಂಡು ಬಗ್ಗಿ ನೋಡಿದ. ಹೂವಿನ ಚಿತ್ರದ ಆ ಕನ್ನಡಕ ಮೀಸೆಯ ಮೇಲೆ ಹೇಗೆ ಕಂಡಿತೆಂದರೆ, ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಆಚೆ ಹೋದಳು.

ಹೋಗುವಾಗ ಅವಳು ಸೋಮವಾರದ ಮಾತನ್ನು ಎತ್ತಲಿಲ್ಲ. ಯೋಚನೆ ಮಾಡಬೇಕು ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಗುರುವಾರ ಮಗಳಿಂದ ಸುದ್ದಿಯಿಲ್ಲ. ಶುಕ್ರವಾರವೂ ಇಲ್ಲ. ಟೈಲರಮ್ಮ ಒಂದು ತೋಳನ್ನು ತಿರುಗಾಮುರುಗಾ ಹೊಲಿದು ಬಿಚ್ಚಿದಳು. ಗಂಡ ಮುನಿಸಿಕೊಳ್ಳುತ್ತಾನೆ ಎಂದುಕೊಂಡಿದ್ದಳು, ಅವನು ಮುನಿಸಿಕೊಳ್ಳಲಿಲ್ಲ. ಶನಿವಾರ ಅವನೇ ಬಂದು ಕನ್ನಡಕದ ಅಂಗಡಿಗೆ ಹೋಗೋಣ ಬಾ ಎಂದು ಕರೆದ. ಅಂಗಡಿಯಲ್ಲಿ ಹತ್ತು ಚೌಕಟ್ಟು ಹಾಕಿ ನೋಡಿ ಹತ್ತನ್ನೂ ಬೇಡವೆಂದ. ಹನ್ನೊಂದನೆಯದನ್ನು ಅವಳು ಆರಿಸಿದಳು. ಮನೆಗೆ ಬರುವ ದಾರಿಯಲ್ಲಿ ಅವನು, ನೀನು ಬಾಯಿ ಮುಚ್ಚಿಕೊಂಡಿದ್ದರೆ ಮಗು ಬರುತ್ತಿತ್ತಲ್ಲ, ಯಾಕೆ ಹೇಳಿದೆ ಎಂದು ಕೇಳಿದ. ಬೇಸರದಿಂದಲ್ಲ, ತಿಳಿದುಕೊಳ್ಳಲು ಕೇಳಿದ. ಗೊತ್ತಿಲ್ಲ, ಹೇಳದೆ ಮರಿಯನ್ನು ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ ಎಂದಳು. ಅವನು ರಸ್ತೆ ದಾಟುವಾಗ ಅವಳ ಮೊಣಕೈ ಹಿಡಿದುಕೊಂಡ.

ಮುಂದಿನ ವಾರ ಒಡವೆ ಅಂಗಡಿಯಲ್ಲೂ ಏನೂ ಅನಾಹುತವಾಗಲಿಲ್ಲ. ಕನ್ನಡಕ ಜೇಬಿನಲ್ಲಿತ್ತು, ಚೀಟಿ ಓದುವಾಗ ಹಾಕಿಕೊಂಡ, ಯಜಮಾನ ನೋಡಿ ಈಗ ಜಡ್ಜ್ ಸಾಹೇಬರ ಹಾಗೆ ಕಾಣುತ್ತೀರಿ ಎಂದನಂತೆ. ಎರಡು ವರ್ಷ ಹೊತ್ತ ಹೆದರಿಕೆ ಒಂದು ತಮಾಷೆಯಲ್ಲಿ ಮುಗಿದುಹೋಯಿತು.

ಅದಕ್ಕೂ ಮುಂಚೆ, ಆ ಭಾನುವಾರ ಸಂಜೆಯೇ ಮಗಳ ಫೋನ್ ಬಂತು. ನಾಳೆ ಹನ್ನೊಂದೂವರೆಗೆ ಬರುತ್ತೇವೆ ಎಂದಳು. ಟೈಲರಮ್ಮ ಫೋನ್ ಹಿಡಿದುಕೊಂಡೇ ನೆಲದ ಹಾಸಿನ ಮೂಲೆ ಸರಿಮಾಡತೊಡಗಿದಳು. ಮಗಳು ಆ ಕಡೆಯಿಂದ ಪಟ್ಟಿ ಓದುತ್ತಿದ್ದಳು: ತೆಗೆದು ಇಡುವಾಗ ಮಗು ಆ ಕೋಣೆಯಲ್ಲಿರಬಾರದು, ಅಪ್ಪನಿಗೆ ಕನ್ನಡಕ ಇಲ್ಲದಿದ್ದರೆ ಮುಟ್ಟುವಂತಿಲ್ಲ, ಹೊಸದಾಗಿ ಏನಾದರೂ ಬದಲಾದರೆ ತನಗೆ ಹೇಳಬೇಕು. ಕೊನೆಯಲ್ಲಿ, ಆಪರೇಷನ್ ಕೋಣೆಯಲ್ಲಿ ತಾನು ಎಣಿಸಲಿಲ್ಲ ಎಂದು ಬಾಯಿಬಿಟ್ಟು ಹೇಳುವ ನರ್ಸ್ ಸಿಗುವುದು ಕಷ್ಟ, ಸಿಕ್ಕರೆ ನಾವು ಬಿಟ್ಟುಕೊಡುವುದಿಲ್ಲ ಎಂದು ಸೇರಿಸಿದಳು.

ಮರಿ ಬಂತು. ಬಂದ ಮೂರನೆಯ ದಿನಕ್ಕೆ ಆ ಮನೆಯಲ್ಲಿ ಅದರದೇ ದರ್ಬಾರು. ಹಾಸಿನ ಮೇಲೆ ಬೋರಲಾಗಿ ಬಿದ್ದು ಯಂತ್ರದ ಗಾಲಿ ತಿರುಗುವುದನ್ನೇ ನೋಡುತ್ತಿತ್ತು. ಗಾಲಿ ನಿಂತರೆ ಅಳು, ತಿರುಗಿದರೆ ಕೇಕೆ. ಅದರ ಖುಷಿಗಾಗಿ ಟೈಲರಮ್ಮ ಬಟ್ಟೆಯಿಲ್ಲದೆ ಬರೀ ಯಂತ್ರವನ್ನು ತುಳಿಯುತ್ತಿದ್ದಳು. ಹೊಲಿಗೆ ತಡವಾಗುತ್ತಿತ್ತು, ಗಿರಾಕಿಗಳು ಬೈಯುತ್ತಿದ್ದರು, ಬೈದವರೂ ಮಗುವನ್ನೊಮ್ಮೆ ಎತ್ತಿ ಮುದ್ದಾಡಿ ಹೋಗುತ್ತಿದ್ದರು. ಗನ್‌ಮ್ಯಾನ್ ಸಂಜೆ ಬಂದವನು ಮೊದಲು ಸವತಿಯನ್ನು ಒಳಗೆ ಹಾಕಿ, ಕೈ ತೊಳೆದು, ಆಮೇಲೆ ಮೀಸೆಯನ್ನು ಮಗುವಿನ ಕೈಗೆ ಕೊಡುತ್ತಿದ್ದ. ಆ ಮೀಸೆಗೆ ಅಷ್ಟು ಅವಮಾನ ಯಾವ ಕಳ್ಳನಿಂದಲೂ ಆಗಿರಲಿಲ್ಲ. ಸುಖವಾಗಿದ್ದರು.

ಈಗ ಅವಳು ದಿನಾ ನೋಡುತ್ತಿದ್ದಳು. ಬಗ್ಗಿ, ಒಂದರಿಂದ ಆರರವರೆಗೆ ಎಣಿಸಿ, ಖಾಲಿ ಎನ್ನುತ್ತಿದ್ದಳು. ಮೊದಲ ತಿಂಗಳು ಹೀಗೇ ಹೋಯಿತು, ಎರಡನೆಯದೂ ಹೋಯಿತು. ಮೂರನೆಯ ತಿಂಗಳ ಒಂದು ಸಂಜೆ ಮರಿಗೆ ಬೆಳಗಿನಿಂದ ಮೈ ಬೆಚ್ಚಗಿತ್ತು. ಹೊರಕೋಣೆಯಲ್ಲಿ, ಸುತ್ತ ಕಟಕಟೆಯಿದ್ದ ತೊಟ್ಟಿಲಲ್ಲಿ ಬಿಟ್ಟು ಇತ್ತ ಬಂದರೆ ಅದು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಗನ್‌ಮ್ಯಾನ್ ಕನ್ನಡಕ ಹಾಕಿಕೊಂಡು ಉರುಳೆ ತೆರೆದು ಹಿಡಿದ. ಅವಳ ಕಿವಿಯೆಲ್ಲ ಆಚೆಗಿತ್ತು. ಖಾಲಿ ಎಂದು ತಿರುಗಿ ಓಡಿದಳು.

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ ಮೇಲೆ ಅವಳಿಗೆ ಹೊಳೆಯಿತು. ಬಗ್ಗಿದ್ದು ನೆನಪಿತ್ತು. ಎಣಿಸಿದ್ದು ನೆನಪಿರಲಿಲ್ಲ. ಮಗು ಸಮಾಧಾನವಾಗಿ ಕಣ್ಣು ಮುಚ್ಚುವವರೆಗೆ ಕಾದು, ತೊಟ್ಟಿಲಲ್ಲಿ ಮಲಗಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಆಗಲೇ ಬೀಗ ಹಾಕಿ ಅಂಗಿ ಬಿಚ್ಚುತ್ತಿದ್ದ.

"ಮತ್ತೆ ತೆಗೀರಿ" ಎಂದಳು.

ನಾನು ನೋಡಿದ್ದೇನೆ, ಖಾಲಿಯೇ ಇದೆ ಎಂದು ಅವನು ಹೇಳಿದ. ನಾನು ನೋಡಿಲ್ಲ ಎಂದಳು ಅವಳು. ಅವನು ವಾದ ಮಾಡದೆ ಅಂಗಿಯನ್ನು ಮತ್ತೆ ಹಾಕಿಕೊಂಡು, ಬೀಗ ತೆಗೆದು, ಮರಳಿನ ಕಡೆ ತಿರುಗಿ ತೆರೆದು ಹಿಡಿದ. ಅವಳು ಎಣಿಸಿದಳು. ಆರೂ ಖಾಲಿಯಿದ್ದವು. ಪೆಟ್ಟಿಗೆ ಮುಚ್ಚುವಾಗ ಅವನು ಮೆಲ್ಲಗೆ, ಇದನ್ನು ಮಗಳಿಗೆ ಹೇಳುವ ಅಗತ್ಯವೇನಿಲ್ಲ ಬಿಡು, ಏನೂ ಆಗಲಿಲ್ಲವಲ್ಲ ಎಂದ. ಅವನೂ ಮಗುವಿಗೆ ಅಷ್ಟು ಅಂಟಿಕೊಂಡಿದ್ದ. ಟೈಲರಮ್ಮ ಮುಂದಿನ ಒಂದು ಗಂಟೆ ಮಗುವಿನ ಪಕ್ಕದಲ್ಲೇ ಕೂತು ಅದರ ಸಣ್ಣ ಕಾಲಿನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ನಾಳೆಯಿಂದ ಇದು ಇಲ್ಲಿ ಇಲ್ಲದಿದ್ದರೆ ಯಂತ್ರದ ಸದ್ದು ಹೇಗೆ ಕೇಳಿಸೀತು ಎಂದು ಯೋಚಿಸಿದಳು.

ಎಂಟೂವರೆಗೆ ಮಗಳು ಬಂದಳು. ದಣಿದಿದ್ದಳು. ಬಾಗಿಲಲ್ಲೇ ನಿಂತು ಮಗುವಿಗೆ ಕೈ ಚಾಚಿದಳು. ಟೈಲರಮ್ಮ ಮಗುವನ್ನು ಎತ್ತಿಕೊಂಡು ಬಂದಳು, ಆದರೆ ಕೊಡಲಿಲ್ಲ. ಮೊದಲು ಹೇಳಿದಳು. ಮಗು ಅಳುತ್ತಿತ್ತು, ನೋಡದೆ ಖಾಲಿ ಅಂದುಬಿಟ್ಟೆ, ಆಮೇಲೆ ನೆನಪಾಗಿ ಮತ್ತೆ ತೆಗೆಸಿ ನೋಡಿದೆ, ಖಾಲಿಯೇ ಇತ್ತು, ಆದರೆ ಮೊದಲ ಸಲ ನೋಡಿರಲಿಲ್ಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಹಿಂದೆ ಗನ್‌ಮ್ಯಾನ್ ಒಳಬಾಗಿಲಲ್ಲಿ ನಿಂತಿದ್ದ. ಸರಪಳಿ ಸದ್ದು ಮಾಡದಂತೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಮಗಳು ಅಮ್ಮನ ಮುಖ ನೋಡಿದಳು. ಮಗುವಿನ ಹಣೆ ಮುಟ್ಟಿ ನೋಡಿ, ಜ್ವರ ಇಳಿದಿದೆ ಎಂದಳು. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಚೀಲವನ್ನು ಇನ್ನೊಂದು ಕೈಗೆ ತೆಗೆದುಕೊಂಡು, ಒಂದು ಮೆಟ್ಟಿಲು ಇಳಿದು ನಿಂತಳು.

"ನಾಳೆ ನಂಗೆ ಡ್ಯೂಟಿ ಒಂದು ಗಂಟೆ ಮುಂಚೆ ಇದೆ ಅಮ್ಮ. ಹತ್ತೂವರೆಗೇ ತಂದು ಬಿಡ್ತೀನಿ. ಮನೇಲಿರ್ತೀಯ ತಾನೆ?"

"ಇರ್ತೀನಿ" ಎಂದಳು ಟೈಲರಮ್ಮ.